ಹದಿಮೂರು ಕುರ್ಚಿಗಳಿಗೆ ಒಂದು ಮರ

ಎದಿಲ್ಮಾ ಮರ ಹುಡುಕುವ ಚಂದ ನೋಡಿ ಸೊಲೆದಾದ್ ಪಟ್ಟಣದ ಅವಳ ಬೀದಿಯವರೆಲ್ಲ ನಗುತ್ತಿದ್ದರು. ಮಗಳಿಗೆ ಗಂಡು ನೋಡುವ ತಾಯಿ ಕೂಡ ಇಷ್ಟು ಕೊಂಕು ತೆಗೆಯುವುದಿಲ್ಲ. ಬೇವು ಬೇಗ ಬೆಳೆಯುತ್ತದೆ ಎಂದರೆ, ಅದರ ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ ಎನ್ನುವಳು. ಕಾಡುಬಾದಾಮಿಯ ಬೇರು ಹಿತ್ತಿಲಿನ ನೆಲವನ್ನೇ ಎಬ್ಬಿಸುತ್ತದೆ. ತೊತೂಮೊ ಗಿಡ್ಡ ಮರ, ನೆರಳೂ ತಂಪು, ಆದರೆ ಬುರುಡೆ ಗಾತ್ರದ ಅದರ ಕಾಯಿ ಮಗುವಿನ ತಲೆಯ ಮೇಲೆ ಬಿದ್ದರೆ ಗತಿಯೇನು? ಮಾವಿನ ಹೆಸರನ್ನಂತೂ ಅವಳೆದುರು ಯಾರೂ ಎತ್ತುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವಳು ತನ್ನ ಮನೆಯಲ್ಲೇ ಶಿಶುವಿಹಾರ ನಡೆಸುತ್ತಿದ್ದಳು. ಬೀದಿಯ ಹೆಂಗಸರು ಕೆಲಸಕ್ಕೆ ಹೊರಡುವ ಮುಂಚೆ ಮಕ್ಕಳನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಚಿಕ್ಕವರಿಗೂ ದೊಡ್ಡವರಿಗೂ ಅವಳು ಸೆನ್ಯೊ, ಅಂದರೆ ಟೀಚರಮ್ಮ. ಹಿತ್ತಿಲಲ್ಲಿ ಮಾವಿನ ಮರ, ಅದರ ಕೆಳಗೆ ಹದಿಮೂರು ಪುಟ್ಟ ಪ್ಲಾಸ್ಟಿಕ್ ಕುರ್ಚಿ. ಅವುಗಳಲ್ಲಿ ಕೂತು ಬೊಯೊ ಕಡುಬು ತಿಂದವರು ಈಗ ಬಸ್ಸು ಓಡಿಸುತ್ತಾರೆ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಾರೆ. ಅಷ್ಟು ವರ್ಷಗಳಲ್ಲಿ ಒಂದು ಮಗುವಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ಅದು ಈ ಜನವರಿಯವರೆಗಿನ ಮಾತು.

ಜನವರಿಯ ಒಂದು ಭಾನುವಾರ ಎವರಿಸ್ತೊ ಬಂದಿದ್ದ. ಹೇಸರಗತ್ತೆ ಗಾಡಿಯಲ್ಲಿ ಸೌದೆ, ಸಸಿ ಮಾರುವ ಮುದುಕ. ಮಚ್ಚಿನ ಹಿಡಿಯಿಂದ ಮಾವಿನ ದೊಡ್ಡ ಕೊಂಬೆಯನ್ನು ಕುಟ್ಟಿ, ಕಿವಿಗೊಟ್ಟು ಕೇಳಿದ.

"ಇದು ಟೊಳ್ಳಾಗಿದೆ ತಾಯಿ. ಕಡೀಲಾ?"

"ಚಂದ್ರ ಇನ್ನೂ ಏರ್ತಿದ್ದಾನಲ್ಲ ಮಾಮ. ಈಗ ಕಡಿದ್ರೆ ಗಾಯ ಕೊಳೆತು ಮರಾನೇ ಹೋಗುತ್ತೆ. ಹುಣ್ಣಿಮೆ ಕಳೀಲಿ."

"ಅದೂ ಸರೀನೇ," ಎಂದ ಎವರಿಸ್ತೊ. ಆ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹಾಗೆಯೇ ಅನ್ನುತ್ತಿದ್ದರು. ಹುಣ್ಣಿಮೆ ಶುಕ್ರವಾರಕ್ಕಿತ್ತು.

ಗುರುವಾರ ಬೆಳಿಗ್ಗೆ ಗಾಳಿ ಬೀಸಿತು. ಲೂಸ್ ದಾರಿ ಎಂಬ ನಾಲ್ಕು ವರ್ಷದ ಹುಡುಗಿ ಮಾವಿನ ಕೆಳಗೆ ಕೂತು ತಿಂಡಿ ತಿನ್ನುತ್ತಿದ್ದಳು. ಕೊಂಬೆ ಅವಳ ಹೆಗಲ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು, ಆದರೆ ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ತಾಯಿ ಯಾದೀರಾ ಎದಿಲ್ಮಾಳನ್ನು ತಬ್ಬಿಕೊಂಡು ಅತ್ತಿದ್ದಳು. "ಗಾಳಿಗೆ ಯಾರೇನು ಮಾಡೋಕಾಗುತ್ತೆ ಸೆನ್ಯೊ? ನೀವು ಕೊರಗ್ಬೇಡಿ." ಎದಿಲ್ಮಾ ಬಾಯಿ ತೆರೆದಳು. ಯಾದೀರಾ ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅಂದೇ ಹೇಳಿಬಿಡುತ್ತಿದ್ದಳೇನೋ. ಆ ಅಪ್ಪುಗೆ ಅವಳ ಬಾಯಿಗೆ ಬೀಗ ಹಾಕಿತು.

ಶನಿವಾರ ಇಡೀ ಮಾವಿನ ಮರವನ್ನೇ ಬುಡಸಮೇತ ಕಡಿಸಿದಳು. ಕಡಿಯಲು ಬಂದವನು, ಪಾಪ, ಏನೂ ತಿಳಿಯದೆ, "ಒಳ್ಳೇ ಇಳಿ ಚಂದ್ರ ಸೆನ್ಯೊ, ಮರಕ್ಕೆ ಹುಳ ಹಿಡಿಯಲ್ಲ," ಎಂದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಹಿತ್ತಿಲು ಕಾದ ಹೆಂಚು. ತಗಡಿನ ಸೂರಿನ ಕೋಣೆಯಲ್ಲಿ ಹನ್ನೆರಡು ಮಕ್ಕಳು ಬೆವರುತ್ತ ಕೂರುತ್ತಿದ್ದರು. ಹದಿಮೂರನೆಯ ಕುರ್ಚಿ ಖಾಲಿ. ಲೂಸ್ ದಾರಿ ಆ ಹಿತ್ತಿಲು ಕಂಡರೆ ಸಾಕು ಕಿರುಚುತ್ತಿದ್ದಳು, ಹಾಗಾಗಿ ಯಾದೀರಾ ಅವಳನ್ನು ಅಜ್ಜಿಯ ಬಳಿ ಬಿಡುತ್ತಿದ್ದಳು. ಏಪ್ರಿಲ್‌ನಲ್ಲಿ ಶಿಶುವಿಹಾರಗಳ ಇಲಾಖೆಯಿಂದ ಬಂದ ಮೇಡಂ, ಡಿಸೆಂಬರ್ ಒಳಗೆ ನೆರಳಾಗದಿದ್ದರೆ ಮಕ್ಕಳನ್ನು ಬೇರೆ ಶಿಶುವಿಹಾರಕ್ಕೆ ಹಾಕುವುದಾಗಿ ಹೇಳಿ ಹೋದಳು.

"ಮಾತಾರತೋನ್ ನೆಡು," ಎಂದ ಎವರಿಸ್ತೊ. "ಗೂಟ ಊರಿದ್ರೆ ಮಳೆಗಾಲ ಮುಗಿಯೋದ್ರಲ್ಲಿ ಮರ. ಕೊಂಬೆ ಹಗುರ, ಬಿದ್ರೂ ಬೆತ್ತದ ಏಟಷ್ಟೆ."

"ಅದರಲ್ಲಿ ಇಲಿ ಪಾಷಾಣ ಮಾಡ್ತಾರಲ್ಲ ಮಾಮ?"

"ಬೀಜದಲ್ಲಿ, ತೊಗಟೇಲಿ. ನಿಂಗೆ ದಡಾರ ಎದ್ದಾಗ ನಿಮ್ಮಮ್ಮ ಅದರ ಸೊಪ್ಪಿನ ನೀರಲ್ಲೇ ಸ್ನಾನ ಮಾಡ್ಸಿದ್ಲು, ಸತ್ತೋದ್ಯಾ?"

"ಬೇಸಿಗೇಲಿ ಎಲೆ ಉದುರ್ಸುತ್ತೆ."

"ಉದುರ್ಸುತ್ತೆ. ಆಗ ಬಟ್ಟೆ ಕಟ್ಟು. ಎದಿಲ್ಮಾ, ದೋಷ ಇಲ್ಲದ ಮರ ಬೇಕಂದ್ರೆ ಗೋಡೆ ಮೇಲೆ ಬರ್ಕೋ."

ಅವಳು ಕಾಯಿ ಮೂಡಿದರೆ ತಾನೇ ಚಿವುಟುವುದಾಗಿ ಹೇಳಿ ಒಪ್ಪಿದಳು. ಮುದುಕ ಎದ್ದು ಟೋಪಿ ಹಾಕಿಕೊಂಡ. "ಆದ್ರೆ ಗೂಟಾನ ಇಳಿ ಚಂದ್ರನಲ್ಲೇ ಕಡೀಬೇಕು. ಇನ್ನು ಹತ್ತು ದಿನ ತಡ್ಕೊ."

"ಇವತ್ತೇ ಕಡೀರಿ!"

ಒಳಗಿದ್ದ ಮಕ್ಕಳು ಬೆಚ್ಚಿಬಿದ್ದರು. ಎವರಿಸ್ತೊ ಅವಳ ಮುಖ ನೋಡಿದ, ನೆಲ ನೋಡಿದ. ಜನವರಿಯಿಂದ ಆ ಭಾನುವಾರದ ಸುದ್ದಿಯನ್ನು ಅವನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಮಚ್ಚು ಹಿಡಿದು ಹೋದವನು ಸಂಜೆಯೊಳಗೆ ಆಳೆತ್ತರದ ನಾಲ್ಕು ಗೂಟ ತಂದು ಊರಿದ.

ಮೂರು ವಾರ ಅವು ಸತ್ತ ಕೋಲುಗಳಂತೆ ನಿಂತಿದ್ದವು. ಚಂದ್ರನನ್ನು ಕೇಳದೆ ನೆಟ್ಟವಳನ್ನು ನೋಡಿ ಬೀದಿ ಮೂಗು ಮುರಿಯಿತು. ಮೇ ತಿಂಗಳ ಮಳೆಗೆ ಮೂರು ಚಿಗುರಿದವು, ಒಂದು ಒಣಗಿತು. ನವೆಂಬರ್ ಹೊತ್ತಿಗೆ ರೆಂಬೆಗಳು ಒಂದಕ್ಕೊಂದು ಹೆಣೆದುಕೊಂಡು, ಮಕ್ಕಳು ಕೂರುವಷ್ಟು ನೆರಳಾಯಿತು. ಎದಿಲ್ಮಾ ಪ್ರತಿ ಬೆಳಿಗ್ಗೆ ಒಂದೊಂದು ರೆಂಬೆಯನ್ನೂ ಕೈಯಿಂದ ಜಗ್ಗಿ ನೋಡಿಯೇ ಮಕ್ಕಳನ್ನು ಹೊರಗೆ ಬಿಡುತ್ತಿದ್ದಳು.

ಇಲಾಖೆಯ ಮೇಡಂ ನೋಡಿ ತಲೆಯಾಡಿಸಿ ಹೋದ ಮರುದಿನ ಯಾದೀರಾ ಮಗಳ ಕೈ ಹಿಡಿದು ಬಂದಳು. ಲೂಸ್ ದಾರಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಮಾವಿಲ್ಲದ ಹಿತ್ತಿಲನ್ನು ಕಣ್ಣಗಲಿಸಿ ನೋಡಿದಳು. ಆಮೇಲೆ ತಾನಾಗಿಯೇ ಹೋಗಿ ಹದಿಮೂರನೆಯ ಕುರ್ಚಿಯಲ್ಲಿ ಕೂತಳು.

"ಅಳ್ಲೇ ಇಲ್ಲ ನೋಡಿ!" ಯಾದೀರಾಳ ಕಣ್ಣು ತುಂಬಿತು. "ಸೋಮವಾರದಿಂದ ಇಲ್ಲೇ ಬಿಡ್ತೀನಿ ಸೆನ್ಯೊ. ನಿಮ್ಮ ಮೇಲಿರೋಷ್ಟು ನಂಬಿಕೆ ನಂಗೆ ಬೇರೆ ಯಾರ ಮೇಲೂ ಇಲ್ಲ."

ಇಷ್ಟು ದಿನ ಎದಿಲ್ಮಾ ಬಯಸಿದ್ದು ಈ ಮಾತನ್ನೇ. ಸುಮ್ಮನೆ ತಲೆಯಾಡಿಸಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅವಳಿಗೆ ಆಗಲಿಲ್ಲ.

"ಗಾಳಿಯಲ್ಲ ಯಾದೀರಾ. ನಂಗೆ ಗೊತ್ತಿತ್ತು. ಕೊಂಬೆ ಟೊಳ್ಳಾಗಿದೆ ಅಂತ ಎವರಿಸ್ತೊ ಭಾನುವಾರಾನೇ ಹೇಳಿದ್ರು. ಚಂದ್ರ ಇಳೀಲಿ ಅಂತ ಕಾದೆ."

ಯಾದೀರಾ ಮಗಳ ಬಲಗೈಯತ್ತ ನೋಡಿದಳು. ಎದಿಲ್ಮಾ ಬೈಗುಳಕ್ಕೆ ಕಾದು ನಿಂತಳು.

"ನಾನೇ ಆಗಿದ್ರೂ ಕಾಯ್ತಿದ್ದೆ," ಎಂದಳು ಯಾದೀರಾ ಕೊನೆಗೆ, ದನಿ ಏರಿಸದೆ. "ನಮ್ಮಮ್ಮನೂ ಕಾಯ್ತಿದ್ಲು. ಆದ್ರೆ ಆ ಕೊಂಬೆ ಕೆಳಗೆ ಮಕ್ಕಳನ್ನ ಕೂರಿಸ್ತಿರ್ಲಿಲ್ಲ ಸೆನ್ಯೊ."

ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು. ಬಾಗಿಲನ್ನು ಬಡಿಯದೆ ಮೆಲ್ಲಗೆ ಎಳೆದುಕೊಂಡಳು.

ಎದಿಲ್ಮಾ ನಿಂತಲ್ಲೇ ನಿಂತಳು. ಹತ್ತು ತಿಂಗಳು ಚಂದ್ರನನ್ನು ಶಪಿಸಿದ್ದಳು, ಮರಗಳಿಗೆಲ್ಲ ದೋಷ ಹೊರಿಸಿದ್ದಳು. ಕುರ್ಚಿಗಳನ್ನು ನಾಲ್ಕು ದಿನದ ಮಟ್ಟಿಗೆ ಎರಡು ಮಾರು ಈಚೆಗೆ ಎಳೆದಿದ್ದರೆ ಸಾಕಿತ್ತು. ಅದು ಅಂದೂ ಹೊಳೆದಿರಲಿಲ್ಲ, ಇಲ್ಲಿಯವರೆಗೂ ಹೊಳೆದಿರಲಿಲ್ಲ. ಹೊಳೆಯಲು ಅವಳು ಬಿಟ್ಟಿರಲಿಲ್ಲ ಎಂದರೂ ತಪ್ಪಾಗಲಾರದು.

"ಸೆನ್ಯೊ, ಹಸಿವು!" ಎಂದು ಯಾವುದೋ ಮಗು ಕೂಗಿತು. ಅವಳು ಬೊಯೊ ತಟ್ಟೆಗಳನ್ನು ತಂದು ಹನ್ನೆರಡು ಮಕ್ಕಳಿಗೂ ಕೊಟ್ಟಳು. ಖಾಲಿ ಕುರ್ಚಿಯನ್ನು ಒಳಗೆ ಒಯ್ಯಲು ಬಗ್ಗಿದವಳು, ಹಾಗೆಯೇ ನೆರಳಿನಲ್ಲಿ ಬಿಟ್ಟಳು.