ಚಿಕ್ಕಪ್ಪನಿಗೆ ಕಾಗದದ ದ್ರಾಕ್ಷಿ

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ತಮಿಳುನಾಡಿನ ದ್ರಾಕ್ಷಿ ತೋಟಗಳ ಊರು ಓಡೈಪಟ್ಟಿಯ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಕಾಗದ ಮಡಿಸುವುದು, ಕತ್ತರಿಸುವುದು ಕಲಿಸುತ್ತೇನೆ. ಹೋದ ಆಗಸ್ಟಿನಲ್ಲಿ ಶಾಲೆಯವರು ಒಂದು ಕೆಲಸ ಒಪ್ಪಿಸಿದರು. ಬಸ್ ನಿಲ್ದಾಣದ ಹತ್ತಿರ, ನಮ್ಮೂರಿಂದ ಸೈನ್ಯಕ್ಕೆ ಹೋಗಿ ಯುದ್ಧದಲ್ಲಿ ತೀರಿಕೊಂಡವರ ಹೆಸರು ಕೆತ್ತಿದ ಕಲ್ಲಿದೆ. ಸ್ವಾತಂತ್ರ್ಯ ದಿನದಂದು ಅದರ ಮುಂದಿಡಲು ಮಕ್ಕಳ ಕೈಯಿಂದಲೇ ಒಂದು ಪುಷ್ಪಚಕ್ರ ಮಾಡಿಸಬೇಕಿತ್ತು.

ಆ ಕಲ್ಲಿನ ಮೇಲೆ ಮೂರು ಹೆಸರು. ಎರಡನೆಯದು ನನ್ನ ಚಿಕ್ಕಪ್ಪನದು. ಬಾಂಗ್ಲಾ ಯುದ್ಧದಲ್ಲಿ ಹೋದವರು. ಚಿಕ್ಕವ್ವ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ಮುಂದೆ ಆ ಮಾತು ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವಳಿಗೆ ತಿಳಿಯುವ ಮೊದಲೇ ಕೆಲಸ ಮುಗಿಸಿಬಿಡೋಣ ಎಂದುಕೊಂಡಿದ್ದೆ.

ಹಳೆಯ ಸೈಕಲ್ ಟೈರಿಗೆ ಹಸಿರು ಕಾಗದ ಸುತ್ತಿ, ಮೂವರಿಗೂ ಒಂದೊಂದು ಪಾಲು ಮಾಡಿ ಕಾಗದದ ಹೂ ಕಟ್ಟುತ್ತಿದ್ದೆವು. ಅಷ್ಟರಲ್ಲಿ ಚಿಕ್ಕವ್ವ ಬಂದೇಬಿಟ್ಟಳು.

"ಏನ್ ಮಾಡ್ತಾವೆ ಮಕ್ಕ?"

ನಾನು ಟೈರನ್ನು ಹಿಂದಕ್ಕೆ ಸರಿಸಿದೆ. ಎದುರುಮನೆಯ ಹುಡುಗಿ, ಒಂಬತ್ತು ವರ್ಷದವಳು, ತಲೆಯೆತ್ತಿ ಹೇಳಿಬಿಟ್ಟಳು: "ಪಟ್ಟಾಳಕ್ಕೆ ಹೋಗಿ ಸತ್ತೋದೋರಿಗೆ ಹೂವು, ಪಾಟಿ." ಇಲ್ಲಿಯ ಮಕ್ಕಳಿಗೆ ಸೈನ್ಯ ಪಟ್ಟಾಳ, ಅಜ್ಜಿ ಪಾಟಿ.

ಚಿಕ್ಕವ್ವ ಮೆಲ್ಲಗೆ ಕೂತಳು. "ಅದ್ರಾಗೆ ಒಬ್ರು ನಮ್ಮೋರು, ನನ್ ಕಣ್ಣು."

"ಹೌದಾ! ಅವರಿಗೆ ಯಾವ ಹೂ ಇಷ್ಟ?"

ಐವತ್ತು ವರ್ಷದಲ್ಲಿ ಯಾರೂ ಅವಳನ್ನು ಇಂಥದ್ದೊಂದು ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ. ಅವಳು ನಕ್ಕಳು.

"ಹೂವಾ? ಹೂ ಮೂಗಿನ್ ಹತ್ರ ಬಂದ್ರೆ ಸೀನೋರು. ಮದ್ವೇಲಿ ಮಾಲೆ ಹಾಕ್ದಾಗಿಂದ ತೆಗ್ಯೋ ತನಕ ಸೀನಿದ್ದೇ ಸೀನಿದ್ದು. ನಂಗೆ ನಗು ತಡೆಯಕ್ಕಾಗ್ಲಿಲ್ಲ. ಅತ್ತೆ ಕಣ್ ಬಿಟ್ರು."

ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಡುಗಿ ಬಿಡಲಿಲ್ಲ. "ಹಂಗಾದ್ರೆ ಏನಿಷ್ಟ?"

"ದ್ರಾಕ್ಷಿಕಾಯಿ. ಹಣ್ಣಲ್ಲ, ಹುಳಿಕಾಯಿ. ರಜಕ್ಕೆ ಬಂದಾಗ ತೋಟದಾಗೆ ನಿಂತು ಉಪ್ಪು, ಮೆಣಸಿನ್ ಪುಡಿ ಒತ್ಕೊಂಡು ತಿನ್ನೋರು. ನಂಗೂ ಕೊಡೋರು." ಅವಳು ಸೆರಗಿನ ತುದಿ ಸರಿಮಾಡಿಕೊಂಡಳು. "ಎರಡೇ ರಜ. ಅಷ್ಟೇ ನಮ್ ಸಂಸಾರ."

ಅವತ್ತು ಚಿಕ್ಕಪ್ಪನ ಪಾಲಿನ ಹೂಗಳನ್ನು ಬಿಚ್ಚಿದೆವು. ಹತ್ತಿಯ ಉಂಡೆಗೆ ಹಸಿರು ಕಾಗದ ಸುತ್ತಿ ದ್ರಾಕ್ಷಿ ಮಾಡತೊಡಗಿದೆವು. ತೋಟದವರ ಮನೆಯ ಮಕ್ಕಳು ತಾನೆ, ನನಗೇ ಪಾಠ ಹೇಳಿದರು: ಗೊಂಚಲು ಮೇಲೆ ಅಗಲ, ಕೆಳಗೆ ಚೂಪು, ಕಾಯಿಗಳು ಇಷ್ಟು ಒತ್ತೊತ್ತಾಗಿ ಇರಬಾರದು. ಚಿಕ್ಕವ್ವ ಸಂಜೆಯವರೆಗೂ ಕೂತು ಅವರ ಜೊತೆ ಉಂಡೆ ಕಟ್ಟಿದಳು. ಉಳಿದಿಬ್ಬರ ಬಗ್ಗೆ ಮಕ್ಕಳೇ ಹೋಗಿ ವಿಚಾರಿಸಿಕೊಂಡು ಬಂದರು. ಒಬ್ಬರು ಪಾರಿವಾಳ ಸಾಕುತ್ತಿದ್ದರಂತೆ, ಅವರ ಪಾಲಿಗೆ ಕಾಗದದ ಪಾರಿವಾಳ ಮಡಿಸಿದೆವು. ಇನ್ನೊಬ್ಬರ ಕಡೆಯವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಅವರಿಗೆ ಇದ್ದಬದ್ದ ಬಣ್ಣಗಳ ಹೂವನ್ನೆಲ್ಲ ಇಟ್ಟೆವು.

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಚಿಕ್ಕವ್ವ ಬಿಳಿ ಸೀರೆ ಉಟ್ಟು ನಮ್ಮ ಜೊತೆ ಬರಲು ಬಾಗಿಲಲ್ಲಿ ನಿಂತಿದ್ದಳು. ಕಲ್ಲು ನಿಲ್ಲಿಸಿದ ಮೇಲೆ ಅವಳು ಅಲ್ಲಿಗೆ ಹೋದದ್ದೇ ಇರಲಿಲ್ಲ. ಬಸ್ಸಿಗೆ ಹೋಗುವಾಗಲೂ ಮುಖ ತಿರುಗಿಸಿಕೊಳ್ಳುವವಳು.

ಧ್ವಜ ಹಾರಿಸಲು ಬಂದಿದ್ದ ಅತಿಥಿ ಪುಷ್ಪಚಕ್ರ ನೋಡಿ, ದ್ರಾಕ್ಷಿ ಯಾಕೆ ಎಂದು ಕೇಳಿದರು.

"ತಾತನಿಗೆ ಹೂವು ಆಗಲ್ಲ ಸರ್, ಸೀನು ಬರ್ತದೆ," ಎಂದಳು ಹುಡುಗಿ, ಚಿಕ್ಕವ್ವನನ್ನು ತೋರಿಸುತ್ತ. ಅವರು ಅವಳ ಕಡೆ ತಿರುಗಿ ಕೈಮುಗಿದರು.

ಎಲ್ಲ ಮುಗಿದ ಮೇಲೆ ಚಿಕ್ಕವ್ವ ಕಲ್ಲಿನ ಹತ್ತಿರ ಹೋದಳು. ಅವಳಿಗೆ ಓದಲು ಬಾರದು. ಹುಡುಗಿ ಅವಳ ಬೆರಳು ಹಿಡಿದು ಎರಡನೆಯ ಸಾಲಿನ ಮೇಲಿಟ್ಟು, "ಇಲ್ಲಿ, ಪಾಟಿ," ಎಂದಳು. ಚಿಕ್ಕವ್ವ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಿಧಾನವಾಗಿ ಸರಿಸಿದಳು. ಅತ್ತುಬಿಡುತ್ತಾಳೆಂದು ನಾನು ಹತ್ತಿರ ಸರಿದೆ.

"ಬಿಸ್ಲಿಗೆ ಬೆಚ್ಚಗೈತೆ ಕಣೆ," ಎಂದಳು. ಆಮೇಲೆ ಸೆರಗಿನಿಂದ ಮೂರೂ ಹೆಸರಿನ ಧೂಳನ್ನು ಒರೆಸಿದಳು.

ಮನೆಗೆ ಬರುವಾಗ ಚಿಕ್ಕವ್ವನೂ ಹುಡುಗಿಯೂ ಕೈ ಹಿಡಿದುಕೊಂಡು ಮುಂದೆ ನಡೆದರು. ಚಿಕ್ಕಪ್ಪ ಎರಡನೇ ರಜಕ್ಕೆ ಬಂದಾಗ ಏನೇನಾಯಿತು ಎಂದು ಚಿಕ್ಕವ್ವ ಹೇಳುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳುವಷ್ಟು ದೂರದಲ್ಲಿ ಹಿಂದೆ ಬಂದೆ.