ಎರಡೂ ಬಲಗಡೆಯ ತೋಳು

ಅವತ್ತು ಬೆಳಿಗ್ಗೆ ಮಾಸ್ಟರಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಾಲು ಉಕ್ಕಿ ಒಲೆಯ ಪಾಲಾಯಿತು, ಬಾಚಣಿಗೆ ತಲೆಯಲ್ಲೇ ಉಳಿಯಿತು.

"ನಿಧಾನ ಕಣೇ! ಮದುವೆ ದಿನಾನೂ ನೀನು ಹೀಗೆ ಕುಣೀಲಿಲ್ಲ," ಎಂದರು ಅತ್ತೆ.

"ಮದುವೆ ದಿನ ನನ್ನ ಕೈಗೆ ಯಾರೂ ಕತ್ತರಿ ಕೊಡ್ಲಿಲ್ವಲ್ಲ ಅತ್ತೆ!"

ಅವಳು ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್. ಅಲ್ಲ, ಆಗಿದ್ದಳು. ಹೊಲಿಯುವವರು ಎಷ್ಟೇ ಜನ ಇರಲಿ, ಬಟ್ಟೆಗೆ ಕತ್ತರಿ ಹಾಕುವವರು ಒಬ್ಬರೇ, ಅಂಗಡಿಯಲ್ಲಿ ಅವರದೇ ದರ್ಬಾರು. ಒಂದು ಸಂಜೆ ಸೈಕಲ್ಲಿನಲ್ಲಿ ಮನೆಗೆ ಬರುವಾಗ, ನಿಂತ ಕಾರಿನಿಂದ ಯಾವನೋ ಪುಣ್ಯಾತ್ಮ ಹಿಂದೆ ಮುಂದೆ ನೋಡದೆ ಬಾಗಿಲು ತೆರೆದ. ಮಾಸ್ಟರಕ್ಕ ಹಾರಿ ಬಲಗೈ ಊರಿಕೊಂಡು ಬಿದ್ದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಎಲ್ಲರೂ ಸಮಾಧಾನ ಹೇಳಿದರು. ಆಯಸ್ಸೇನೋ ಉಳಿಯಿತು, ಮೂಳೆಯೂ ಕೂಡಿತು. ಆದರೆ ಮಣಿಕಟ್ಟು ತಿರುಗಲಿಲ್ಲ, ಹೆಬ್ಬೆರಳಿಗೆ ಹಿಡಿತ ಬರಲಿಲ್ಲ. ವರ್ಷಗಳೇ ಕಳೆದರೂ ಒದ್ದೆ ಬಟ್ಟೆ ಹಿಂಡಲಾಗದು, ಬೀಗ ತಿರುಗಿಸಲಾಗದು, ಚಳಿ ಬಿದ್ದರೆ ಮೊಣಕೈವರೆಗೂ ಸೆಳೆತ. ಬೀದಿಯಲ್ಲಿ ಕಾರಿನ ಬಾಗಿಲು ಟಕ್ ಎಂದರೆ ಇವತ್ತಿಗೂ ಬೆಚ್ಚಿಬೀಳುತ್ತಾಳೆ.

ಅಂಗಡಿಯಲ್ಲಿ ಅವಳನ್ನು ಮೂಲೆಗೆ ಕೂರಿಸಿ ಗುಂಡಿ ಹಚ್ಚುವ ಕೆಲಸ ಕೊಟ್ಟರು. ಯಾರೂ ಬಯ್ಯಲಿಲ್ಲ, 'ಪಾಪ' ಎಂದರು. ಬೈಗುಳವಾದರೆ ಜೀರ್ಣವಾಗುತ್ತಿತ್ತು.

ಮನೆಯಲ್ಲಿ ಅವಳು ಎಡಗೈಯಿಂದ ಹಳೇ ಪತ್ರಿಕೆ ಕತ್ತರಿಸತೊಡಗಿದಳು. ಬಲಗೈಗೆಂದು ಮಾಡಿದ ಕತ್ತರಿ ಎಡಗೈಗೆ ಬಂದರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. "ಇದು ಕತ್ತರಿಯ ತಪ್ಪು" ಎಂದರೆ ಅತ್ತೆ ಬಿಡುತ್ತಾರೆಯೇ? "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಕೊನೆಗೆ ಅವಳ ತಮ್ಮ ಎಲ್ಲಿಂದಲೋ ಎಡಗೈಯವರ ಕತ್ತರಿಯನ್ನೇ ಹುಡುಕಿ ತಂದುಕೊಟ್ಟ. ಕರಕರ ಎಂದು ಅದು ಓಡಿದ್ದೇ ತಡ, ಅತ್ತೆ ಸೊಸೆ ಇಬ್ಬರೂ ಖುಷಿಯಿಂದ ಕಿರುಚಿದರು. ಎರಡು ಹೋಳಾದದ್ದು ಅತ್ತೆಯ ಹೊಸ ಹೊದಿಕೆ ಎಂದು ಗೊತ್ತಾದದ್ದು ಆಮೇಲೆ.

ಈಗ ಅಂಗಡಿಯಲ್ಲಿ ಅವಳ ಜಾಗಕ್ಕೆ ಬಂದಿದ್ದ ಮಾಸ್ಟರ್ ಕೆಲಸ ಬಿಟ್ಟಿದ್ದ. ಬ್ಯಾಂಡಿನ ತಂಡವೊಂದರ ಕೋಟುಗಳು ಕಾದಿದ್ದವು. ನಾಳೆ ಹೊಸಬನೊಬ್ಬ ಬರುವವನಿದ್ದ. ನಿನ್ನೆ ಮಾಸ್ಟರಕ್ಕ ಅಂಗಡಿ ಯಜಮಾನಿಯ ಎದುರು ಹೋಗಿ ನಿಂತಿದ್ದಳು. "ಒಂದೇ ಒಂದು ಕೋಟು ಕೊಡಿ ಮೇಡಂ. ಸರಿ ಬಂದ್ರೆ ಕಟಿಂಗ್ ಮೇಜು ನಂದು. ಇಲ್ಲಾಂದ್ರೆ ಸಾಯೋವರೆಗೂ ಗುಂಡಿ ಹಚ್ಚಿಕೊಂಡಿರ್ತೀನಿ, ತುಟಿ ಪಿಟಕ್ ಅನ್ನಲ್ಲ."

ಯಜಮಾನಿ ಒಪ್ಪಿ, ತಂಡದಲ್ಲಿ ತುತ್ತೂರಿ ಊದುವ ಅವಳಿಗಳ ಪೈಕಿ ಅಣ್ಣನ ಕೋಟನ್ನು ಕೊಟ್ಟಿದ್ದಳು.

ಅಂಗಡಿಗೆ ಬಂದ ಮಾಸ್ಟರಕ್ಕ ಎಡಗೈಗೆ ಅನುಕೂಲವಾಗಲೆಂದು ಮೇಜಿನ ಈ ಬದಿ ಬಿಟ್ಟು ಆ ಬದಿಗೆ ನಿಂತಳು. ಬಟ್ಟೆ ದಪ್ಪ. ಮೊದಲಾದರೆ ಮಡಚಿ ಎರಡು ಪದರ ಒಟ್ಟಿಗೇ ಕತ್ತರಿಸುತ್ತಿದ್ದಳು, ಒಂದೇ ಸಲಕ್ಕೆ ಎಡತೋಳು ಬಲತೋಳು ಎರಡೂ ಸಿದ್ಧ. ಎಡಗೈಗೆ ಇನ್ನೂ ಅಷ್ಟು ಬಲವಿರಲಿಲ್ಲ. ಹಾಗಾಗಿ ಬಟ್ಟೆ ಬಿಚ್ಚಿ ಹಾಸಿ, ನಮೂನೆಯ ಕಾಗದವಿಟ್ಟು ಒಂದೊಂದೇ ಕತ್ತರಿಸಿದಳು. ಕತ್ತರಿ ನೀರಿನಂತೆ ಹರಿಯಿತು. ಆಹಾ! ಅವಳಿಗೆ ಹಾಡಬೇಕೆನಿಸಿತು, ಹಾಡಿಯೂಬಿಟ್ಟಳು.

ಹೊಲಿಯಲು ಕೂತವನು ಗಡಿಬಿಡಿ. ಹೆಸರಿಗೆ ತಕ್ಕ ಆಸಾಮಿ. ಅಂಥವನೂ ಮೆಷಿನ್ ನಿಲ್ಲಿಸಿ ಎರಡು ತೋಳನ್ನೂ ಎತ್ತಿ ಹಿಡಿದ. "ಅಕ್ಕಾ, ಈ ಕೋಟು ಹಾಕೋರಿಗೆ ಎರಡೂ ಬಲಗೈಯಾ?"

ಒಂಟಿ ಪದರ ಕತ್ತರಿಸುವಾಗ ಎರಡನೇ ತೋಳಿಗೆ ಕಾಗದವನ್ನು ಮಗುಚಿ ಇಡಬೇಕು. ಜನ್ಮದಲ್ಲಿ ಒಂಟಿ ಪದರ ಕತ್ತರಿಸದವಳು ಅದನ್ನೇ ಮರೆತಿದ್ದಳು. ಮೂಲೆಯಲ್ಲಿ ಗುಂಡಿಯ ಡಬ್ಬ ಅವಳಿಗಾಗಿಯೇ ಬಾಯಿ ತೆರೆದು ಕೂತಿತ್ತು.

ಯಜಮಾನಿ ಎದ್ದು ಬಂದು, ಒಂದು ತೋಳಿನ ಮೇಲೆ ಇನ್ನೊಂದನ್ನು ಹಾಸಿದಳು. ಅಂಚಿನ ಉದ್ದಕ್ಕೂ ಬೆರಳೆಳೆದಳು. ಭುಜದ ತಿರುವಿನಲ್ಲಿ ಬಗ್ಗಿ ನೋಡಿದಳು. ಬೇರೆ ಬೇರೆಯಾಗಿ ಕತ್ತರಿಸಿದ ಎರಡು ತುಂಡಿಗೂ ಒಂದು ನೂಲೆಳೆಯ ವ್ಯತ್ಯಾಸವಿರಲಿಲ್ಲ.

"ಇದು ಎಡಗೈಲಿ ಮಾಡಿದ್ದಾ?"

"ಹೂಂ ಮೇಡಂ," ಎಂದಳು. ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. "ಮೇಡಂ! ಅವಳಿಗಳು! ಇಬ್ಬರದೂ ಒಂದೇ ಅಳತೆ! ಈ ತೋಳು ತಮ್ಮನ ಕೋಟಿಗೆ ಆಗತ್ತೆ!"

"ಹಾಗಾದ್ರೆ ಎರಡು ಎಡತೋಳು ಕತ್ತರಿಸು. ಕಾಗದ ಮಗುಚಿ."

"ಆಮೇಲೆ?"

"ಆಮೇಲೇನು? ಉಳಿದ ಕೋಟುಗಳನ್ನ ಯಾರು ಕತ್ತರಿಸ್ತಾರೆ, ನಮ್ಮಪ್ಪನಾ?" ಎನ್ನುತ್ತ ಯಜಮಾನಿ ಹೊಸಬನಿಗೆ ಬರಬೇಡವೆನ್ನಲು ಫೋನು ಎತ್ತಿದಳು.

ಎಡಗೈ ಭುಜದವರೆಗೂ ಸಿಡಿಯುತ್ತಿತ್ತು, ಕಣ್ಣು ತುಂಬಿ ಬಂದಿತ್ತು. ಖುಷಿಗೆ ಮಾಸ್ಟರಕ್ಕನ ದನಿ ಬೀದಿಗೆ ಕೇಳಿಸಿತು: "ಯಾರ್ರೀ ಅದು ನನ್ನ ಮೇಜಿನ ಮೇಲೆ ಟೀ ಲೋಟ ಇಟ್ಟಿರೋದು? ತೆಗೀರಿ ಮೊದಲು!"