ಫಿನ್‌ಲ್ಯಾಂಡಿನ ನಾಲ್ಕನೇ ಹಾಡು

ಕಡೂರಿನ ಬ್ಯಾಂಡ್ ಸೆಟ್‌ನವರು ನಮ್ಮ ಹಾಡನ್ನು ಊದಿ ರೀಲ್ ಮಾಡಿ ಹಾಕಿದ್ದನ್ನು ಮೊದಲು ನೋಡಿದ್ದು ಅಪ್ಪ. ಉಣ್ಣುತ್ತಿದ್ದ ನನ್ನ ಮುಂದೆ ಮೊಬೈಲ್ ತಂದು ಹಿಡಿದ. ಕೆಂಪು ಕೋಟು ತೊಟ್ಟ ಎಂಟು ಜನ ಯಾವುದೋ ಮೆರವಣಿಗೆಯಲ್ಲಿ ಊದುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಸ್ವಂತ ರಾಗ’ ಎಂದು ಬರೆದಿತ್ತು. ನಾನು ತಟ್ಟೆ ತಳ್ಳಿ ಎದ್ದುಬಿಟ್ಟೆ.

“ಸ್ವಂತವಂತೆ ಸ್ವಂತ,” ಅಂದ ಅಪ್ಪ. “ಮಾನ ಮರ್ಯಾದೆ ಬಿಟ್ಟೋರು.”

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಕದ್ದಿದ್ದಕ್ಕಿಂತ ಅವರು ಅದನ್ನು ಕೆಡಿಸಿದ ರೀತಿ ನೋಡಿ ಮೈ ಉರಿಯಿತು. ಆ ಹಾಡಿನ ನಡುವೆ ಒಂದು ಕಡೆ ಎಲ್ಲರೂ ನಿಲ್ಲಬೇಕು. ಒಂದು ಉಸಿರಿನಷ್ಟು ಹೊತ್ತು ಯಾರೂ ಏನೂ ನುಡಿಸಬಾರದು. ಆಮೇಲೆ ಟ್ರಂಪೆಟ್ ಒಂದೇ ಕೆಳಗಿನಿಂದ ಎದ್ದು ಬರಬೇಕು. ಆ ಜಾಗಕ್ಕೆ ಈ ಅಯೋಗ್ಯರು ಸೈಡ್ ಡ್ರಮ್ ತುಂಬಿದ್ದರು, ಟರಟರಟರ ಅಂತ. ಸುಮ್ಮನಿರುವುದಕ್ಕೂ ಯೋಗ್ಯತೆ ಬೇಕು. ಅವರ ರೀಲಿನ ಕೆಳಗೆ ‘ಕಳ್ಳರು, ಅಜ್ಜಂಪುರಕ್ಕೆ ಬಂದು ಕಲಿತುಕೊಂಡು ಹೋಗಿ’ ಎಂದು ಬರೆದೆ. ಸಮಾಧಾನವಾಗಲಿಲ್ಲ. ಇನ್ನೂ ಎರಡು ಸಲ ಬರೆದೆ.

ಈಗ ನಿಜ ಹೇಳುತ್ತೇನೆ. ಆ ಹಾಡು ನನ್ನದೂ ಅಲ್ಲ.

ಏಳು ವರ್ಷದ ಹಿಂದೆ ಅಮೃತಾಪುರದಲ್ಲಿ ಒಂದು ಮದುವೆಗೆ ಊದಲು ಹೋಗಿದ್ದೆವು. ಅಪ್ಪನದು ಕ್ಲಾರಿಯೋನೆಟ್, ನನ್ನದು ಟ್ರಂಪೆಟ್, ಚಿಕ್ಕಪ್ಪನ ಮಕ್ಕಳದು ಡ್ರಮ್ಮು. ದೇವಸ್ಥಾನ ನೋಡಲು ಬಂದಿದ್ದ ಉದ್ದನೆಯ ಬಿಳಿಯ ಒಬ್ಬ ನಾವು ಊದುವುದನ್ನು ನಿಂತು ಕೇಳಿದ. ಮರದ ಕೆಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು, ಚೀಲದಿಂದ ಒಂದು ಸಿಡಿ ತೆಗೆದು ಕೊಟ್ಟ. ನಾನು ಐಟಿಐ ಓದಿದವನು, ಅವನ ಇಂಗ್ಲಿಷು ಅಷ್ಟಿಷ್ಟು ತಿಳಿಯಿತು. ಅವನದು ಫಿನ್‌ಲ್ಯಾಂಡ್. ಅವನ ತಮ್ಮನೂ ಮೂವರು ಗೆಳೆಯರೂ ಸೇರಿ ಕಟ್ಟಿದ ಬ್ಯಾಂಡಿನ ಮೊದಲ ಆಲ್ಬಂ ಅದು. ಅವರ ದೇಶದಲ್ಲೇ ಯಾರೂ ಕೇಳಲಿಲ್ಲವಂತೆ. ಮನೆಯ ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಹಾಗೇ ಬಿದ್ದಿವೆಯಂತೆ. ಕವರಿನ ಮೇಲೆ ನಾಲ್ಕು ಹುಡುಗರು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು, ನಡುವೆ ಬೇಯಿಸಿದ ಆಲೂಗಡ್ಡೆಯ ಪಾತ್ರೆ. ನೀವೂ ಬ್ಯಾಂಡಿನವರು, ನಿಮ್ಮ ಹತ್ತಿರ ಇರಲಿ ಅಂದ. ಚಹಾ ಕುಡಿದು ಹೊರಟುಹೋದ.

ಸಿಡಿ ಹಾಕುವ ಜಾಗವಿದ್ದದ್ದು ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿಗೆ ಮಾತ್ರ. ಓನರ್ ಊಟಕ್ಕೆ ಹೋದ ಹೊತ್ತಿನಲ್ಲಿ ಹಾಕಿ ಕೇಳಿದೆ. ಮೊದಲ ಮೂರು ಹಾಡು ಬರೀ ಗಲಾಟೆ. ನಾಲ್ಕನೆಯದಕ್ಕೆ ಕೈಯಲ್ಲಿದ್ದ ಕಾಗದ ಹಾಗೇ ಉಳಿಯಿತು. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಆ ಹುಡುಗ ಮನೆಯವರನ್ನು ಚೆನ್ನಾಗಿ ಬೈದು, ನಡುವೆ ಸುಮ್ಮನಾಗಿ, ಆಮೇಲೆ ತಪ್ಪಾಯ್ತು ಅನ್ನುವ ಹಾಗೆ ಹಾಡುತ್ತಿದ್ದ. ಹತ್ತು ದಿನದಲ್ಲಿ ಅದನ್ನು ಟ್ರಂಪೆಟ್ಟಿಗೆ ತಂದೆ.

ಮನೆಯಲ್ಲಿ ಊದುವಾಗ ಅಪ್ಪ ಹಿತ್ತಲಿಂದ ಬಂದು ಬಾಗಿಲಲ್ಲಿ ನಿಂತ.

“ಯಾವ ಪಿಚ್ಚರ್ದೋ ಅದು?”

“ಯಾವ ಪಿಚ್ಚರ್ದೂ ಅಲ್ಲ.”

“ನೀನೇ ಕಟ್ಟಿದ್ದಾ?”

ನಾನು ಟ್ರಂಪೆಟ್ಟಿನ ಬಾಯಿ ಒರೆಸುತ್ತಾ ಕೂತೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆವತ್ತು ನನ್ನ ಬಾಯಿಗೆ ಏನು ರೋಗ ಬಂದಿತ್ತೋ.

ನಮ್ಮ ತಾತ ತಮಟೆ ಬಡಿಯುತ್ತಿದ್ದವನು. ಅಪ್ಪ ಯಾರೂ ಹೇಳಿಕೊಡದೆ, ಕೇಳಿ ಕೇಳಿ ಕ್ಲಾರಿಯೋನೆಟ್ ಕಲಿತವನು. ನಲವತ್ತು ವರ್ಷ ಊದಿದ್ದೆಲ್ಲ ಪರರ ಹಾಡು. “ನಮ್ ಬಾಯಲ್ಲಿ ಬರೋದೆಲ್ಲ ಎಂಜಲು ಕಣೋ” ಎಂದು ಬೇಜಾರಾದಾಗ ಹೇಳುತ್ತಿದ್ದ. ಅಂಥವನು ಮಾರನೆಯ ದಿನವೇ ಟೀ ಅಂಗಡಿ, ಕ್ಷೌರದಂಗಡಿ, ಗೊಬ್ಬರದಂಗಡಿ, ರೈಲ್ವೇ ಸ್ಟೇಷನ್ನಿನ ಕಟ್ಟೆ ಎಲ್ಲ ಕಡೆ ಹೇಳಿಕೊಂಡು ಬಂದ. “ನಮ್ಮನೇಲಿ ಒಂದು ಹಾಡು ಹುಟ್ತು ಕಣ್ರೀ, ನನ್ ಮಗ ಕಟ್ಟವ್ನೆ.” ನನ್ನನ್ನು ಹುಟ್ಟಿದಾಗಿನಿಂದ ಒಂದು ಸಲವೂ ಹೊಗಳದವನು. ನಾನು ಇವತ್ತು ಹೇಳೋಣ ನಾಳೆ ಹೇಳೋಣ ಅಂತ ಏಳು ವರ್ಷ ಕಳೆದೆ. ಅಷ್ಟೇ ಆಗಿದ್ದರೆ ಒಂದು ಮಾತು. ಹೋದ ವರ್ಷ ನಾನೂ ಒಂದು ರೀಲ್ ಹಾಕಿದ್ದೆ, ಕೆಳಗೆ ‘ನನ್ನ ಸ್ವಂತ ರಾಗ’ ಎಂದು ನನ್ನ ಕೈಯಾರೆ ಬರೆದಿದ್ದೆ.

ರೀಲ್ ನೋಡಿ ತಿಂಗಳಾಗಿರಲಿಲ್ಲ, ತರೀಕೆರೆಯಲ್ಲಿ ಒಂದು ಮದುವೆ ಒಪ್ಪಿಕೊಂಡೆವು. ಗಂಡು ನಮ್ಮ ಕಡೆಯವನು. ಹೆಣ್ಣು ಕಡೂರಿನವಳು, ಆ ಕಡೆಯವರು ತಮ್ಮೂರಿನ ಬ್ಯಾಂಡನ್ನೇ ಕರೆತಂದಿದ್ದರು. ಗಂಡನ್ನು ಇದಿರುಗೊಳ್ಳುವಾಗ ಛತ್ರದ ಬಾಗಿಲಲ್ಲಿ ಎರಡೂ ಸೆಟ್ ಎದುರುಬದುರು ನಿಂತೆವು. ಅವರು ಬೇಕಂತಲೇ ಆ ಹಾಡನ್ನೇ ಎತ್ತಿಕೊಂಡರು. ನಿಲ್ಲಬೇಕಾದಲ್ಲಿ ಮತ್ತೆ ಟರಟರ.

ಅಪ್ಪ ಕ್ಲಾರಿಯೋನೆಟ್ ಕೆಳಗಿಳಿಸಿ ನೇರ ಅವರ ಯಜಮಾನನ ಮುಂದೆ ಹೋಗಿ ನಿಂತ. ಅವನೂ ಅಪ್ಪನ ವಾರಿಗೆಯವನೇ, ಸ್ಯಾಕ್ಸೋಫೋನಿನವನು.

“ಯಾರಪ್ಪನ ಹಾಡು ಅಂತ ಊದ್ತಿದ್ದೀಯೋ?”

“ಎಲ್ರೂ ಊದ್ತಾರೆ, ನಾವೂ ಊದ್ತೀವಿ. ನಿಮ್ದು ಅನ್ನಕ್ಕೆ ಏನ್ ಸಾಕ್ಷಿ?”

“ನನ್ ಮಗ ಕಟ್ಟಿದ್ದು. ಮೂರು ತಾಲ್ಲೂಕಿಗೇ ಗೊತ್ತು.”

“ಹಂಗಾದ್ರೆ ವಾದ್ಯ ಮುಟ್ಟಿ ಹೇಳ್ಲಿ. ಈಗ್ಲೇ ರೀಲ್ ತೆಗೀತೀನಿ, ಇನ್ನು ಜನ್ಮದಲ್ಲಿ ಊದಲ್ಲ.”

ಉಸಿರಿನ ಮೇಲೆ ಬದುಕುವ ನಮ್ಮಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ವಾದ್ಯ ಮುಟ್ಟಿ ಸುಳ್ಳಾಡಿದವನಿಗೆ ಮತ್ತೆ ಊದಲು ಉಸಿರು ಸಾಲುವುದಿಲ್ಲ ಅನ್ನುತ್ತಾರೆ. ಅಪ್ಪ ತನ್ನ ಕ್ಲಾರಿಯೋನೆಟ್ಟನ್ನು ಕೋಟಿನ ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ಅವನ ಮುಖದಲ್ಲಿ ನಗುವಿತ್ತು. ಅಷ್ಟು ನಂಬಿಕೆ ನನ್ನ ಮೇಲೆ. ಆ ನಗು ಕಂಡು ನನಗೆ ಅವನ ಮೇಲೇ ಸಿಟ್ಟು ಬಂತು. ಇಷ್ಟು ನಂಬು ಅಂತ ಇವನಿಗೆ ಹೇಳಿದವರು ಯಾರು?

ಕೈ ಎತ್ತಿದೆ. ಮುಟ್ಟಲಾಗಲಿಲ್ಲ.

“ನಂದಲ್ಲ ಅಪ್ಪಾ,” ಅಂದೆ.

ಕಡೂರಿನವನು ನಗಬಹುದಿತ್ತು, ನಗಲಿಲ್ಲ. “ನಮ್ದೂ ಅಲ್ಲ ಬಿಡು,” ಅಂದ ತಗ್ಗಿದ ದನಿಯಲ್ಲಿ. “ನಿಮ್ದು ಕೇಳೇ ಕಲ್ತಿದ್ದು. ಊದ್ರಿ ಅತ್ಲಾಗೆ, ಗಂಡು ಬಿಸಿಲಲ್ಲಿ ನಿಂತವ್ನೆ.”

ಅಪ್ಪ ಸಂಜೆಯವರೆಗೆ ಸಿನಿಮಾ ಹಾಡು ಊದಿದ. ನನ್ನ ಕಡೆ ತಿರುಗಲಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಎಲ್ಲ ಹೇಳಿದೆ. ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡ. ಮನೆಗೆ ಬಂದ ಮೇಲೆ “ಎಲ್ಲಿ ಅದು?” ಅಂದ. ಟ್ರಂಕಿನಿಂದ ಸಿಡಿ ತೆಗೆದು ಕೊಟ್ಟೆ. ಆಲೂಗಡ್ಡೆಯ ಸುತ್ತ ಕೂತ ಹುಡುಗರನ್ನು ದೀಪದ ಕೆಳಗೆ ಹಿಡಿದು ತುಂಬ ಹೊತ್ತು ನೋಡಿದ.

“ಅವನು ಕದ್ದ ಅಂತ ನಾವು ತರೀಕೆರೆಗಂಟ ಹೋಗಿ ಜಗಳ ಆಡಿದ್ವಿ,” ಅಂದ. “ಈ ಹುಡುಗ್ರು ಎಲ್ಲಿಗೆ ಬಂದು ಆಡ್ಬೇಕೋ?”

ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡುತ್ತಿದ್ದೆ. ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದ.

ಬೆಳಿಗ್ಗೆ ಟೀ ಅಂಗಡಿಗೆ ಹೋದರೆ ಅಂಗಡಿಯವನು ಗ್ಲಾಸು ಮುಂದಿಡುತ್ತಾ “ಆ ಹಾಡು ನಿಂದಲ್ವಂತೆ? ನಿಮ್ಮಪ್ಪ ಬಂದು ಹೇಳೋದ್ರು” ಅಂದ. ಕ್ಷೌರದಂಗಡಿಯವನೂ ಅದನ್ನೇ ಹೇಳಿದ. ಹೇಳಿಕೊಂಡು ಮೆರೆದಿದ್ದ ಅಂಗಡಿಗಳಿಗೆಲ್ಲ ಅಪ್ಪ ಮತ್ತೆ ಹೋಗಿ ಬಂದಿದ್ದ. ನನಗೆ ಕೆಂಡದಂಥ ಕೋಪ ಬಂತು. ಊರ ಮುಂದೆ ನನ್ನ ಮಾನ ಹರಾಜು ಹಾಕುವ ಬದಲು ಮನೆಯಲ್ಲೇ ಕಪಾಳಕ್ಕೆ ಎರಡು ಬಿಗಿಯಬಹುದಿತ್ತಲ್ಲ? ಕೇಳಿಯೇ ಬಿಡೋಣ ಎಂದು ಮನೆಗೆ ಬಂದರೆ ಅಪ್ಪ ಇರಲಿಲ್ಲ. ಟ್ರಂಕಿನ ಮೇಲಿದ್ದ ಸಿಡಿಯೂ ಇರಲಿಲ್ಲ.

ಮಧ್ಯಾಹ್ನ ಬಂದ. ಕಡೂರಿಗೆ ಹೋಗಿದ್ದನಂತೆ. ಆ ಸ್ಯಾಕ್ಸೋಫೋನಿನವನ ಮನೆ ಹುಡುಕಿ, ಕವರ್ ತೋರಿಸಿ, ತಪ್ಪಾಯ್ತು ಅಂತ ಹೇಳಿ ಬಂದಿದ್ದ.

“ಅವ್ನು ರೀಲ್ ಕೆಳಗೆ ಆ ಹುಡುಗ್ರ ಹೆಸ್ರು ಹಾಕ್ದ, ನನ್ ಮುಂದೇನೇ,” ಅಂದ. “ನೀನ್ಯಾವಾಗ ಹಾಕ್ತೀಯ?”

ಜಗಳಕ್ಕೆಂದು ಕಾದಿದ್ದವನು ಮೊಬೈಲ್ ತೆಗೆದು, ‘ನನ್ನ ಸ್ವಂತ ರಾಗ’ ಅನ್ನುವುದನ್ನು ಅಳಿಸಿ, ಕವರ್ ನೋಡಿಕೊಂಡು ಟೈಪ್ ಮಾಡತೊಡಗಿದೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ನನ್ನ ಪಕ್ಕ ಕೂತು, ಕವರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಅದರ ಆಕಾರವನ್ನು ಮೊಬೈಲಿನಲ್ಲಿ ಹುಡುಕಿ ನೋಡಿ, “ಇದು ಹಾಕ್ದಾ?” ಎಂದು ಕೇಳುತ್ತಾ ಹೋದ. ನಾನು ಹೂಂ ಅಂದರೆ ಅವನಿಗೆ ಸಾಕಾಗುತ್ತಿರಲಿಲ್ಲ.